ಬಿಸಿ ಊಟವಿಲ್ಲದ ವಿಮಾನ

ಮಾರ್ಚ್ ೧೧, ಭಾನುವಾರ

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದ. ಅಳಿಯಂದಿರಿಗೆ ನಮ್ಮಿಬ್ಬರ ನೆನಪು ಹೇಳು. ನಮ್ಮ ಪುಟ್ಟ ಯಜಮಾನಿಯ ಎರಡೂ ಕೆನ್ನೆಗೆ ಒಂದೊಂದು ಮುತ್ತು.

ಊರು ಮುಟ್ಟಿದ ಕೂಡಲೇ ಕಾಗದ ಬರೆಯುತ್ತೇನೆ ಎಂದು ನಿನ್ನ ಮನೆ ಬಾಗಿಲಲ್ಲಿ ನಿಂತು ಹೇಳಿ ಬಂದವಳು ನಾನು. ತಿಂಗಳು ಕಳೆದೇ ಹೋಯಿತು, ಬೈಯಬೇಡ. “ಫೋನ್ ಇದೆಯಲ್ಲಮ್ಮಾ, ಕಾಗದ ಯಾಕೆ?” ಎಂದು ನೀನು ನಗುತ್ತೀಯೆಂದೂ ಗೊತ್ತು. ಫೋನಿನಲ್ಲಿ ನಾವು ಮಾತಾಡುವುದಾದರೂ ಏನು? ಮಗು ಹಾಲು ಕುಡಿಯಿತಾ, ನಿದ್ದೆ ಮಾಡಿತಾ, ನೀನು ಹೊತ್ತಿಗೆ ಸರಿಯಾಗಿ ತಿಂದೆಯಾ. ಅಷ್ಟು ಹೊತ್ತಿಗೆ ಅವಳು ಆ ಕಡೆಯಿಂದ ರಾಗ ತೆಗೆಯುತ್ತಾಳೆ, ನೀನು “ಇಡ್ತೀನಮ್ಮಾ” ಅನ್ನುತ್ತೀಯ. ಈ ಸಲ ಹೇಳಬೇಕಾದದ್ದು ಸ್ವಲ್ಪ ಉದ್ದ ಇದೆ. ಅದಕ್ಕೇ ನಿಮ್ಮಪ್ಪನ ಹೊಲಿಗೆ ಮೇಜಿನ ಮೇಲಿನ ಬಟ್ಟೆ ಚೂರುಗಳನ್ನೆಲ್ಲ ಪಕ್ಕಕ್ಕೆ ತಳ್ಳಿ ಬರೆಯಲು ಕೂತಿದ್ದೇನೆ.

ಮೊದಲು ನಿಮ್ಮಪ್ಪನ ಸುದ್ದಿ. ಚೆನ್ನಾಗಿದ್ದಾರೆ. ಮೊಮ್ಮಗಳ ಫೋಟೋವನ್ನು ಅಂಗಡಿಯ ಕನ್ನಡಿಯ ಮೂಲೆಗೆ ಸಿಕ್ಕಿಸಿದ್ದಾರೆ. ಅಳತೆ ಕೊಡಲು ಬಂದವರು ತಮ್ಮ ಮುಖ ನೋಡಿಕೊಳ್ಳುವ ಮೊದಲು ಅವಳ ಮುಖ ನೋಡಬೇಕು, ಹಾಗೆ. ಬಂದವರಿಗೆಲ್ಲ ಕೋಟಿನ ಕಥೆಯನ್ನೂ ಹೇಳುತ್ತಾರೆ. ಆ ಕಥೆ ನಿನಗೇ ಸರಿಯಾಗಿ ಗೊತ್ತಿಲ್ಲ. ನೀನಾಗ ನೋವು ತಿನ್ನುತ್ತಿದ್ದೆ, ಆಮೇಲೆ ಬಾಣಂತಿ. ನಾನು ಹೇಗೆ ಬಂದು ಸೇರಿದೆ ಎಂದು ಕೇಳಲು ನಿನಗೆಲ್ಲಿ ಪುರುಸೊತ್ತು?

ಅವತ್ತು ಬೆಳಗಿನ ಪಾಳಿ. ಎಂದಿನಂತೆ ಬೆಲ್ಟಿನ ಮುಂದೆ ನಿಂತು, ವಿಮಾನಗಳಿಗೆ ಹೋಗುವ ಬಿಸಿ ಊಟದ ಬಟ್ಟಲುಗಳಿಗೆ ಫಾಯಿಲ್ ಮುಚ್ಚಳ ಹಾಕಿ, ನಾಲ್ಕೂ ಅಂಚು ಮಡಚುತ್ತಿದ್ದೆ. ನಮ್ಮ ಮೇಲ್ವಿಚಾರಕಿ ಸೀಟಿ ನಿನಗೆ ಗೊತ್ತಲ್ಲ. ಬೆಲ್ಟಿನ ಗದ್ದಲದಲ್ಲಿ ಯಾರ ಕೂಗೂ ಕೇಳುವುದಿಲ್ಲವೆಂದು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕುತ್ತಾಳೆ, ಅದಕ್ಕೇ ಆ ಹೆಸರು. ಅವತ್ತು ಸಿಳ್ಳೆ ಹಾಕದೆ, ಮೆಲ್ಲಗೆ ನಡೆದು ನನ್ನ ಹತ್ತಿರವೇ ಬಂದಳು.

“ನಿನ್ನ ಅಳಿಯ ಆಫೀಸಿಗೆ ಫೋನ್ ಮಾಡಿದ್ರು. ಮಗಳಿಗೆ ನೋವು ಶುರುವಾಗಿದೆಯಂತೆ. ಇನ್ನೂ ಮೂರು ವಾರ ಇದೆ ಅಂದಿದ್ದೆಯಲ್ಲೇ?”

“ಇತ್ತು.”

“ನಿಂತು ನೋಡ್ತೀಯ ಏನು? ಕೂದಲಿನ ಬಲೆ ತೆಗಿ, ಹೊರಡು. ನಿನ್ನ ಜಾಗದಲ್ಲಿ ನಾನು ನಿಂತ್ಕೋತೀನಿ.”

ಮನೆಗೆ ಬಂದರೆ ನಿಮ್ಮಪ್ಪ ನನ್ನನ್ನು ಒಂದು ಮಾತು ಕೇಳದೆ, ಪಕ್ಕದ ಜೆರಾಕ್ಸ್ ಅಂಗಡಿಯವನ ಕಂಪ್ಯೂಟರಿನಲ್ಲಿ ಸಂಜೆಯ ವಿಮಾನಕ್ಕೆ ಟಿಕೆಟ್ ತೆಗೆಸಿಬಿಟ್ಟಿದ್ದರು. ದೊಡ್ಡ ಕಂಪನಿಯದ್ದಲ್ಲ, ಈಚೆಗೆ ಬಂದಿದೆಯಲ್ಲ, ಬಸ್ಸಿನ ಹಾಗೆ ದಿನಕ್ಕೆ ನಾಲ್ಕು ಸಲ ಹೋಗಿಬರುವ ಅಗ್ಗದ್ದು, ಅದು. “ಸೀಟು ಸಿಕ್ತು. ಆದ್ರೆ ಪೆಟ್ಟಿಗೆಗೆ ಬೇರೆ ದುಡ್ಡಂತೆ, ಅದೂ ಟಿಕೆಟ್ಟಿನಷ್ಟೇ. ಕೈಚೀಲ ಒಂದನ್ನೇ ಬಿಡೋದು,” ಎಂದರು. ನಾನೋ ತಿಂಗಳುಗಟ್ಟಲೆ ಕೂಡಿಟ್ಟಿದ್ದೆ: ಮೆತ್ತನೆಯ ಹಳೇ ಬಟ್ಟೆಗಳು, ಅಂಗಿ, ಟೋಪಿ, ಕಾಲುಚೀಲ, ನಾನೇ ಹೊಲಿದ ಹೊದಿಕೆ.

“ಇಷ್ಟನ್ನೂ ಕೈಚೀಲಕ್ಕೆ ಹೇಗ್ರೀ ತುಂಬೋದು?”

“ಚೀಲಕ್ಕೆ ಯಾಕೆ, ನಿನಗೇ ತುಂಬೋಣ.”

ಯಾರೋ ಹೊಲಿಯಲು ಕೊಟ್ಟು ತಿರುಗಿ ಬಾರದ ಒಂದು ದೊಡ್ಡ ಗಂಡಸರ ಕೋಟು ಅಂಗಡಿಯಲ್ಲಿ ಬಹಳ ದಿನದಿಂದ ನೇತಾಡುತ್ತಿತ್ತು. ಅದರ ಒಳಬಟ್ಟೆ ಬಿಚ್ಚಿ, ಸುತ್ತಲೂ ಜೇಬು ಹೊಲಿದು, ಒಂದೊಂದೇ ತುರುಕಿ ನನಗೆ ತೊಡಿಸಿದರು. ಕನ್ನಡಿಯಲ್ಲಿ ನೋಡಿಕೊಂಡರೆ ಹೆರಿಗೆ ನಿನಗಲ್ಲ, ನನಗೇ ಅನ್ನಬೇಕು.

ವಿಮಾನದ ಬಾಗಿಲ ಹತ್ತಿರ ಚೀಟಿ ನೋಡುವ ಹುಡುಗಿ ನನ್ನನ್ನು ತಡೆದಳು. ನಿನಗಿಂತ ಚಿಕ್ಕವಳು. ತುಟಿಯ ಬಣ್ಣ ಹೊಸದು, ಕಣ್ಣಿನ ಆಯಾಸ ಹಳೆಯದು.

“ಅಮ್ಮಾ, ಇದು ಕೋಟೋ ಬೀರುವೋ?”

“ಕೋಟೇ ಕಣಮ್ಮ. ಒಳಗಿರೋದು ಹುಟ್ಟೋ ಮಗುವಿನ ಬಟ್ಟೆ. ಮಗಳು ಆಸ್ಪತ್ರೇಲಿದಾಳೆ.”

ಅವಳು ಹಿಂದಿನ ಸಾಲು ನೋಡಿದಳು, ಆಚೆ ನಿಂತಿದ್ದ ತನ್ನ ಮೇಲಿನವನನ್ನು ನೋಡಿದಳು. ಆಮೇಲೆ ಸ್ವಲ್ಪ ಗಟ್ಟಿಯಾಗಿ, “ಚಳಿ ಜಾಸ್ತಿನಾ ಅಮ್ಮಾ ನಿಮಗೆ?” ಅಂದಳು.

“ಹ್ಞೂಂ ಕಣಮ್ಮ, ಮೈಯೆಲ್ಲ ನಡುಗ್ತಾ ಇದೆ.”

“ಹಾಗಾದ್ರೆ ಬಿಚ್ಬೇಡಿ. ಹೋಗಿ, ಹೋಗಿ.”

ನನ್ನದು ನಡುವಿನ ಸೀಟು. ಮೊಣಕಾಲು ಮುಂದಿನವರ ಬೆನ್ನಿಗೆ ತಾಗುತ್ತಿತ್ತು. ಪಕ್ಕದಲ್ಲಿ ಗಾರೆ ಕೆಲಸದ ಮೇಸ್ತ್ರಿ. ಉಗುರಿನ ಸಂದಿಯಲ್ಲಿ ಸಿಮೆಂಟು ಹಾಗೇ ಇತ್ತು. ಹೆಂಡತಿ ಮಕ್ಕಳನ್ನು ನೋಡಲು ಹೊರಟಿದ್ದ, ಎರಡೇ ದಿನಕ್ಕೆ. ತಾನಾಗಿಯೇ ಮಾತು ತೆಗೆದ.

“ಮೊದಲೆಲ್ಲ ವರ್ಷಕ್ಕೊಂದು ಸಲ ಹೋಗ್ತಿದ್ದೆ ಅಮ್ಮಾ. ರೈಲಲ್ಲೇ ಅರ್ಧ ರಜೆ ಮುಗಿದುಹೋಗೋದು. ನನ್ನ ಮಗಳು ನನ್ನ ನೋಡಿ ಅವರಮ್ಮನ ಹಿಂದೆ ಅವಿತ್ಕೊಳ್ಳೋಳು, ಯಾರೋ ಮಾಮ ಬಂದ ಅಂತ. ಈಗ ಎರಡು ತಿಂಗಳಿಗೊಂದು ಸಲ ಹೋಗ್ತೀನಿ. ಬಾಗಿಲಲ್ಲೇ ಚೀಲ ಕಿತ್ಕೋತಾಳೆ.”

ವಿಮಾನ ಮೇಲೇರಿದ ಮೇಲೆ ನಾನು ಮುಂದಿನ ಸೀಟಿನ ಬೆನ್ನಿಗಿದ್ದ ಹಲಗೆಯನ್ನು ಕೆಳಗಿಳಿಸಿದೆ. ಇಪ್ಪತ್ತೆರಡು ವರ್ಷದಿಂದ ನನ್ನ ಕೈಯ ಬಟ್ಟಲುಗಳು ಹೋಗಿ ಕೂರುತ್ತಿದ್ದ ಹಲಗೆ ಅದು. ಅದನ್ನು ಚಿತ್ರದಲ್ಲಿ ಬಿಟ್ಟರೆ ನಾನು ನೋಡಿದ್ದು ಅವತ್ತೇ. ಬರಿದಾಗಿತ್ತು. ತಳ್ಳುಗಾಡಿ ಬಂತು, ನೀರು, ಬಿಸ್ಕತ್ತು, ಎಲ್ಲ ಕ್ರಯಕ್ಕೆ. ಬಹುತೇಕ ಯಾರೂ ಕೊಳ್ಳಲಿಲ್ಲ. ಸುತ್ತ ನೋಡಿದೆ. ಮಗುವಿಗೆ ಬಾಟಲಿ ಹಿಡಿದ ತಾಯಿ, ಪರೀಕ್ಷೆಗೆ ಓದುತ್ತಿದ್ದ ಹುಡುಗಿಯರು, ಕೈಚೀಲವನ್ನು ತೊಡೆಯ ಮೇಲೆ ಬಿಗಿಹಿಡಿದು ಕೂತ ಮುದುಕ. ನಮ್ಮ ಬೀದಿಯನ್ನೇ ಎತ್ತಿ ಒಳಗೆ ಕೂರಿಸಿದ ಹಾಗಿತ್ತು. ನಾನು ಬಿಸಿ ಊಟ ಮುಚ್ಚಿ ಕಳಿಸುತ್ತಿದ್ದ ಕಾಲಕ್ಕೆ ಇವರಲ್ಲಿ ಒಬ್ಬರೂ ವಿಮಾನ ಹತ್ತಿರಲಿಲ್ಲ. ಇವರೆಲ್ಲ ಹತ್ತುವ ಕಾಲಕ್ಕೆ ಊಟವೇ ಇಲ್ಲ. ನನ್ನ ಮನಸ್ಸಿಗೆ ಆದದ್ದು ಸಂತೋಷವೋ ಸಂಕಟವೋ, ಈಗಲೂ ಹೇಳಲಾರೆ.

ಮೇಸ್ತ್ರಿ ಕಾಗದದ ಪೊಟ್ಟಣ ಬಿಚ್ಚಿ, ಎರಡು ತುಂಡು ಬ್ರೆಡ್ಡಿನ ನಡುವೆ ಬೇಯಿಸಿದ ಮೊಟ್ಟೆ ಇಟ್ಟು ನನ್ನ ಹಲಗೆಯ ಮೇಲಿಟ್ಟ. “ತಗೊಳ್ಳಿ. ಬೆಳಗಿನಿಂದ ಏನೂ ತಿಂದ ಹಾಗಿಲ್ಲ ನೀವು.” ಅಷ್ಟು ವರ್ಷ ಆಕಾಶಕ್ಕೆ ಊಟ ಕಳಿಸಿದವಳು ಆಕಾಶದಲ್ಲಿ ತಿಂದ ಮೊದಲ ಊಟ ಅದು, ಇನ್ನೊಬ್ಬರ ಮನೆಯದು.

ಆಮೇಲಿನದು ನಿನಗೂ ಗೊತ್ತು. ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಕೋಟಿನ ಒಂದೊಂದು ಜೇಬಿನಿಂದ ಟೋಪಿ, ಕಾಲುಚೀಲ ತೆಗೆಯುತ್ತಿದ್ದರೆ ನರ್ಸಮ್ಮ ಗೋಡೆಗೆ ಒರಗಿ ನಕ್ಕಳು. “ಬಂದ್ಯಾ ಅಮ್ಮಾ” ಎಂದು ನೀನು ನನ್ನ ಮಣಿಕಟ್ಟು ಹಿಡಿದವಳು ಮಗು ಹುಟ್ಟಿ ಅಳುವವರೆಗೂ ಬಿಡಲಿಲ್ಲ. ನಿನ್ನ ಉಗುರಿನ ಗುರುತು ವಾರವಿತ್ತು. ಮಾಯುವುದೇ ಬೇಡ ಅನ್ನಿಸುತ್ತಿತ್ತು.

ಬರುವಾಗಿನ ಕಥೆ ಅಷ್ಟು ಚೆಂದವಲ್ಲ. ವಿಮಾನ ತಡ. ಎಷ್ಟು ತಡ, ಯಾಕೆ ತಡ ಎಂದು ಕೇಳಲು ಒಂದು ನರಪಿಳ್ಳೆ ಇಲ್ಲ. ಅರ್ಧ ದಿನ ನೆಲದ ಮೇಲೆ ಕೂತಿದ್ದೆ. “ಕೊಟ್ಟ ಕಾಸಿಗೆ ಕೂರಿಸ್ಕೊಂಡು ಬಂದ್ರಲ್ಲ, ಸಾಕು,” ಎಂದರು ನಿಮ್ಮಪ್ಪ, ಮನೆಗೆ ಬಂದು ಹೇಳಿದಾಗ.

ಈಗ ಕಾಗದ ತಡವಾದದ್ದಕ್ಕೆ ಕಾರಣ ಹೇಳುತ್ತೇನೆ. ನಾನು ಕೆಲಸಕ್ಕೆ ಮರಳಿದ ವಾರವೇ ಸೀಟಿ ಜೋರಾಗಿ ಸಿಳ್ಳೆ ಹಾಕಿದಳು. ಬೆಲ್ಟು ನಿಂತಿತು. ಎಲ್ಲರೂ ಕೈಗವಸು ಹಾಕಿಕೊಂಡೇ ತಿರುಗಿ ನೋಡಿದೆವು.

“ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ,” ಅಂದಳು. “ಏಪ್ರಿಲ್ ತಿಂಗಳಿಂದ ದೊಡ್ಡ ಕಂಪನಿನೂ ಬಿಸಿ ಊಟ ನಿಲ್ಲಿಸುತ್ತೆ. ಜನ ಟಿಕೆಟ್ ಬೆಲೆ ನೋಡ್ತಾರೆ, ಊಟ ನೋಡಲ್ಲವಂತೆ. ಬಿಸಿ ಅಡುಗೆ ವಿಭಾಗ ಮುಚ್ತಾರೆ. ಸ್ಯಾಂಡ್‌ವಿಚ್ ಡಬ್ಬಿ ತುಂಬೋಕೆ ಕೆಲವರನ್ನ ಇಟ್ಕೋತಾರೆ. ಉಳಿದೋರಿಗೆ ಲೆಕ್ಕ ಚುಕ್ತಾ ಮಾಡ್ತಾರೆ.”

ಒಬ್ಬರೂ ಅಳಲಿಲ್ಲ. ಒಲೆಯ ಕಡೆಯಿಂದ ಯಾರೋ “ಅನ್ನ ಸೀಯ್ತಾ ಇದೆ” ಎಂದರು. ಮತ್ತೆ ಬೆಲ್ಟು ಹಾಕಿದೆವು.

ಹಳಬಳೆಂದು ಡಬ್ಬಿ ಕೆಲಸಕ್ಕೆ ನನ್ನನ್ನು ಉಳಿಸಿಕೊಂಡರು. ಉದ್ದಜಡೆಯನ್ನು ಉಳಿಸಲಿಲ್ಲ. ಗೊತ್ತಲ್ಲ, ನನ್ನ ಪಕ್ಕದಲ್ಲೇ ನಿಂತು ಚಮಚ, ಕರವಸ್ತ್ರ ಜೋಡಿಸುವವಳು; ನಿನ್ನ ಮದುವೆಗೆ ಬಂದು ನಿನಗೆ ಜಡೆ ಹಾಕಿದವಳು. ಊಟದ ಕೋಣೆಯಲ್ಲಿ ಎಲ್ಲರೂ ಅಗ್ಗದ ವಿಮಾನದವರಿಗೆ ಶಾಪ ಹಾಕುತ್ತಿದ್ದರು. ನಾನು ತಲೆ ತಗ್ಗಿಸಿ ತಿನ್ನುತ್ತಿದ್ದೆ. ಉದ್ದಜಡೆ ನನ್ನ ಕಡೆ ತಿರುಗಿದಳು.

“ನೀನ್ಯಾಕೆ ಬಾಯಿ ಬಿಡಲ್ಲ? ಹೇಗೆ ಬಿಡ್ತೀಯ! ನೀನೂ ಅದರಲ್ಲೇ ಹೋಗಿ ಬಂದೆಯಲ್ಲ. ನಮ್ಮ ಹೊಟ್ಟೆ ಮೇಲೆ ಹೊಡೆದೋರಿಗೆ ನೀನೇ ದುಡ್ಡು ಕೊಟ್ಟು ಬಂದೆ.”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳ ಮಾತಿನಲ್ಲಿ ಸುಳ್ಳೇನಿರಲಿಲ್ಲ.

“ಹೌದು, ಹೋದೆ,” ಅಂದೆ. “ನಾಳೆ ಫೋನ್ ಬಂದ್ರೆ ನಾಳೆನೂ ಹೋಗ್ತೀನಿ.”

ಅವಳು ತನ್ನ ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು. ಈಗಲೂ ಅಲ್ಲೇ ಕೂರುತ್ತಾಳೆ. ಎರಡು ಸಲ ಅವಳ ಮನೆಯ ತನಕ ಹೋದೆ. ಅವಳ ಗಂಡ ಬಾಗಿಲಿಗೆ ಬಂದು “ಮಲಗಿದಾಳೆ” ಎಂದರು. ಒಳಗೆ ಪಾತ್ರೆ ಸದ್ದು ಕೇಳುತ್ತಿತ್ತು. ನನ್ನ ಡಬ್ಬಿ ಕೆಲಸವನ್ನು ಅವಳಿಗೇ ಬಿಟ್ಟುಕೊಡಲೇ ಎಂದು ಸೀಟಿಯನ್ನು ಕೇಳಿದೆ. “ನೀನು ಬಿಟ್ರೆ ಆ ಜಾಗವನ್ನೂ ತೆಗೀತಾರೆ, ಸುಮ್ನಿರು,” ಅಂದಳು. ನಿಜವಿರಬಹುದು. ನನಗೆ ಸಮಾಧಾನವಾಗಲಿ ಎಂದು ಹೇಳಿದ್ದೂ ಇರಬಹುದು. ನಾನು ಹೆಚ್ಚು ಕೆದಕಲಿಲ್ಲ. ಸೀಟಿ ತಾನು ಯಾವುದೋ ಆಸ್ಪತ್ರೆಯ ಅಡುಗೆಮನೆಗೆ ಸೇರುತ್ತಾಳಂತೆ. “ಅಲ್ಲಿ ಸಿಳ್ಳೆ ಹಾಕಬೇಡ ಮಾರಾಯ್ತಿ, ರೋಗಿಗಳು ಎದ್ದು ಓಡಿಯಾರು,” ಎಂದೆ. ಬಹಳ ದಿನದ ಮೇಲೆ ಇಬ್ಬರೂ ನಕ್ಕೆವು.

ನೀನು ಕರೆದಿದ್ದೀಯ, ಇನ್ನು ಇಲ್ಲಿಗೇ ಬಂದುಬಿಡು ಎಂದು. ನಿಮ್ಮಪ್ಪ ಅಂಗಡಿ ಬಿಟ್ಟು ಬರುವವರಲ್ಲ, ನಾನು ಅವರನ್ನು ಬಿಟ್ಟು ಬರುವವಳಲ್ಲ. ಡಬ್ಬಿ ತುಂಬುವ ಸಂಬಳ ಕಡಿಮೆಯೇ, ಆದರೂ ಕೈಯಲ್ಲಿ ಸ್ವಲ್ಪ ಉಳಿಸಿದರೆ ವರ್ಷಕ್ಕೆ ಎರಡು ಸಲ ಬಂದು ಮೊಮ್ಮಗಳನ್ನು ಎತ್ತಿಕೊಳ್ಳಬಹುದು. ನನಗೆ ಅನ್ನ ಕೊಟ್ಟ ಕೆಲಸವನ್ನು ಕಿತ್ತುಕೊಂಡದ್ದೂ ಅದೇ ವಿಮಾನ, ನಿನ್ನ ಹತ್ತಿರ ತಂದು ಬಿಟ್ಟದ್ದೂ ಅದೇ. ಯಾರನ್ನು ಬೈಯಲಿ, ಹೇಳು.

ಹೊತ್ತು ಹೊತ್ತಿಗೆ ತಿನ್ನು. ಅವಳು ಮಲಗಿದಾಗ ನೀನೂ ಮಲಗು, ಪಾತ್ರೆ ಎಲ್ಲಿಗೂ ಓಡಿಹೋಗುವುದಿಲ್ಲ. ಅಳಿಯಂದಿರು ಆ ಏಳೆಂಟು ದಿನ ನನಗೆ ಹೆತ್ತ ಮಗನಿಗಿಂತ ಹೆಚ್ಚಾಗಿ ನಡೆದುಕೊಂಡರು. ಮುಖದ ಮುಂದೆ ಹೇಳಲು ನಾಚಿಕೆ, ನೀನೇ ಹೇಳಿಬಿಡು. ನೀವು ಮೂವರೂ ನೂರು ಕಾಲ ನಗುನಗುತ್ತಾ ಇರಿ.

ಇಂತಿ ನಿನ್ನ,
ಅಮ್ಮ

ಮರೆತು ಉಳಿದದ್ದಲ್ಲ, ಬೇಕೆಂದೇ ಕೊನೆಗೆ ಬರೆಯುತ್ತಿದ್ದೇನೆ: ನಾಳೆಯೂ ಹೋಗುತ್ತೇನೆ ಎಂದು ಯಾಕೆ ಅಂದೆನೆಂಬುದನ್ನು ಉದ್ದಜಡೆಗೆ ಹೇಳಲಿಲ್ಲ. ನಿನಗೆ ಹೇಳುತ್ತೇನೆ. ಎಂಟು ವರ್ಷದ ಹಿಂದೆ ನಿನ್ನ ಮೊದಲನೆಯ ಹೆರಿಗೆಯ ಹೊತ್ತಿಗೂ ಅಳಿಯಂದಿರ ಫೋನ್ ಬಂದದ್ದು ನಾನು ಬೆಲ್ಟಿನ ಮುಂದೆ ನಿಂತಿದ್ದಾಗಲೇ. ಆಗ ಇದ್ದದ್ದು ದೊಡ್ಡ ಕಂಪನಿ ಒಂದೇ. ಸಮವಸ್ತ್ರದಲ್ಲೇ ಅವರ ಟಿಕೆಟ್ ಕಿಟಕಿಗೆ ಓಡಿದೆ. ಅವರು ಹೇಳಿದ ಬೆಲೆಯನ್ನು ಎರಡು ಸಲ ಹೇಳಿಸಿಕೊಂಡು, ತಿರುಗಿ ಬಂದು ರೈಲು ಹತ್ತಿದೆ. ಅವತ್ತು ಬೆಳಿಗ್ಗೆ ನಾನು ಮುಚ್ಚಳ ಮಡಚುತ್ತಿದ್ದದ್ದು ನಿನ್ನ ಊರಿನ ವಿಮಾನಕ್ಕೇ. ನನ್ನ ಕೈ ಮುಟ್ಟಿದ ಊಟ ಸಂಜೆಯೊಳಗೆ ನಿನ್ನ ಊರು ಮುಟ್ಟಿತು. ನಾನು ಮುಟ್ಟಿದ್ದು ಮೂರನೆಯ ದಿನ. ಅಷ್ಟರಲ್ಲಿ ನಿನ್ನ ಗಂಡುಕೂಸನ್ನು ಮಣ್ಣು ಮಾಡಿ ಬಂದಿದ್ದರು. ನೀನು ಗೋಡೆಯ ಕಡೆ ತಿರುಗಿ ಮಲಗಿದ್ದೆ, ನಾನು ನಿನ್ನ ಬೆನ್ನು ಸವರುತ್ತಾ ಕೂತಿದ್ದೆ. ಅಂದಿನಿಂದ ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈ ಸಲ ಮಗುವಿಗೆ ಸ್ನಾನ ಮಾಡಿಸುವಾಗ ನೀನು ಅವಳ ಕಿವಿ ಮುಟ್ಟಿ “ಇವಳ ಕಿವಿನೂ ಹಾಗೇ ಇದೆ” ಅಂದೆ. ಯಾರ ಹಾಗೆ ಎಂದು ನನಗೆ ತಿಳಿಯಿತು, ಕೇಳಲು ಬಾಯಿ ಬರಲಿಲ್ಲ. ಅವನು ಹೇಗಿದ್ದ, ಬರೆದು ತಿಳಿಸು. ಫೋನಿನಲ್ಲಿ ಬೇಡ. ನಾನು ಅವನಿಗೂ ಅಜ್ಜಿ.