ಜಾಲಿ ಕಡಿದ ಎರೆಹೊಲ

ಹತ್ತಿಮತ್ತೂರು
೧೦ ಜುಲೈ ೧೯೪೪

ಪ್ರೀತಿಯ ಅಕ್ಕ ವೀರವ್ವನಿಗೆ ತಮ್ಮ ಪರಮೇಶಪ್ಪನ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ನಿನ್ನ ಎರಡೂ ಕಾಗದ ಮುಟ್ಟಿವೆ. ಉತ್ತರ ಬರೆಯಲು ಕೈ ಏಳಲಿಲ್ಲ, ಸಿಟ್ಟಾಗಬೇಡ. ಅವ್ವನ ಮೊಣಕಾಲು ನೋವು ಹಾಗೇ ಇದೆ. ನಮ್ಮ ಮನೆಯಾಕೆ ಸರೋಜವ್ವ ಪಂಚಮಿಯ ಅಳ್ಳು ಹುರಿಯಲೆಂದು ಜೋಳ ಆರಿಸಿಟ್ಟಿದ್ದಾಳೆ.

ಆಡೂರಿಗೆ ಬಂದು ನಿನ್ನನ್ನು ಹಬ್ಬಕ್ಕೆ ಕರೆಯಬೇಕಾದವನು ನಾನು. ಆದರೆ ನಿನ್ನ ಮುಂದೆ ನಿಲ್ಲಲು ಮುಖವಿಲ್ಲ. ಅಪ್ಪ ಕಾಪಾಡಿಕೊಂಡು ಬಂದಿದ್ದ ಜಾಲಿಯ ಬನವನ್ನು ಮಾಘದಲ್ಲಿ ಕಡಿಸಿಬಿಟ್ಟೆ. ಯುದ್ಧಕಾಲ, ಕಾಳು ಹೆಚ್ಚು ಬೆಳೆಯಿರಿ ಎಂದು ಊರಲ್ಲಿ ಡಂಗುರ ಹೊಡೆದರು. ಇಷ್ಟು ಕಪ್ಪು ಎರೆನೆಲ ಸುಮ್ಮನೆ ಬಿದ್ದಿದೆಯಲ್ಲ ಎಂದು ನನಗೂ ಆಸೆ ಹುಟ್ಟಿತು. ಪಕ್ಕದ ಹೊಲದ ಉಳಿವೆಪ್ಪ ಕಾಕಾ ಬದುವಿನ ಮೇಲೆ ನಿಂತು, "ತಮ್ಮಾ, ಎರಿಗೆ ಗಿಡದ ನೆರಳಂದ್ರ ಹೊದಿಕಿ ಇದ್ದಂಗ. ತಗದ್ರ ಬಾಯಿ ಬಿಡತೈತಿ" ಎಂದ. "ಬಿಟ್ರ ಬಿಡ್ಲಿ ತಗೋರಿ" ಎಂದು ನಕ್ಕೆ.

ಬನದೊಳಗಿನ ಮಣ್ಣು ನಿನಗೆ ಗೊತ್ತಲ್ಲ. ಎಲೆ ಉದುರಿ ಕೊಳೆತು, ಬೇಸಿಗೆಯಲ್ಲೂ ತಣ್ಣಗೆ ಪುಡಿಪುಡಿಯಾಗಿ ಕೈಗೆ ಬರುತ್ತಿತ್ತು. ಅದೇ ಮಣ್ಣು ಚೈತ್ರದ ಬಿಸಿಲಿಗೆ ಕಲ್ಲಾಗಿ, ಮೊಣಕಾಲು ಮುಳುಗುವಷ್ಟು ಆಳ ಬಿರಿಯಿತು. ಎತ್ತಿನ ಕಾಲು ಸಿಕ್ಕಿ ಉಳುಕಿತು. ಶಾಲೆಯ ಮಾಸ್ತರರನ್ನು ಕೇಳಿದೆ. ಎರೆಯೆಂದರೆ ಒಂದು ಕಾಲಕ್ಕೆ ಬೆಂಕಿಯಾಗಿ ಹರಿದು ಆರಿದ ಕಲ್ಲಿನ ಮಣ್ಣಂತೆ. "ನೀರ ಕುಡದ್ರ ಉಬ್ಬತೈತಿ, ಒಣಗಿದ್ರ ಸೀಳತೈತಿ. ಮ್ಯಾಲಿನ ಮಣ್ಣು ಬಿರುಕಿನ್ಯಾಗ ಬಿದ್ದು, ತಳದ್ದು ಮ್ಯಾಲೆದ್ದು, ತನ್ನ ತಾನ ಹೊಳ್ಳಿಸಿಕೊಂತೈತಿ" ಎಂದರು. ನಿಮ್ಮ ಆಡೂರಿನ ಕೆಂಪು ಮಸಾರಿ ಮಣ್ಣು ಹೀಗೆ ಮಾಡುವುದಿಲ್ಲ. ಮಳೆ ಬಿದ್ದದ್ದೇ ಬಿರುಕೆಲ್ಲ ಮುಚ್ಚಿ, ನೆಲ ಒಂದೆಡೆ ಉಬ್ಬಿ ಒಂದೆಡೆ ಕುಸಿದು, ನಮ್ಮ ಹೊಲ ನಮಗೇ ಗುರುತು ಸಿಗದಂತಾಯಿತು.

ಆಗಿನಿಂದ ಅವ್ವ ನನ್ನೊಡನೆ ಮಾತು ಬಿಟ್ಟಿದ್ದಾಳೆ. ರೊಟ್ಟಿ ಹಾಕಿ ಒಳಗೆ ಹೋಗುತ್ತಾಳೆ.

ಮಾವನವರಿಗೆ ನನ್ನ ಶರಣು ತಿಳಿಸು. ನಿನ್ನ ಮಕ್ಕಳನ್ನು ದೇವರು ತಣ್ಣಗಿಟ್ಟಿರಲಿ.

ನಿನ್ನ ತಮ್ಮ,
ಪರಮೇಶಪ್ಪ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ನಿನ್ನ ಚೊಚ್ಚಲ ಕೂಸನ್ನು ಮಣ್ಣು ಮಾಡಿದ್ದು ಆ ಬನದ ಮೂಲೆಯ ಜಾಲಿಯ ಬುಡದಲ್ಲಿ. ಪ್ರತಿ ಪಂಚಮಿಗೆ ನೀನು ಅಲ್ಲಿ ಹಾಲೆರೆದು ಬರುತ್ತಿದ್ದೆ. ಕಡಿಸುವ ಮೊದಲು ಅವ್ವ, "ವೀರವ್ವನ್ನ ಒಂದ ಮಾತ ಕೇಳಪಾ" ಎಂದಿದ್ದಳು. ನಾನು ಕೇಳಲಿಲ್ಲ. ಬೊಡ್ಡೆ ಕೀಳಿಸಿ, ಗುರುತಿಗೆ ಒಂದು ಕಲ್ಲಿಟ್ಟಿದ್ದೆ. ಅದು ಬಿರುಕಿನೊಳಗೆ ಇಳಿದುಹೋಯಿತು. ಮಳೆಯಾದ ಮೇಲೆ ನಾನೂ ಅವ್ವನೂ ಕೆಸರಿನಲ್ಲಿ ಹುಡುಕಿದೆವು. "ವೀರವ್ವ ಬಂದ್ರ ಎಲ್ಲಿ ಹಾಲ ಎರೀ ಅನ್ಲೋ?" ಎಂದು ಕೇಳಿದಳು ಅವ್ವ. ನಾನು ತೋರಿಸಲಾರದೆ ಹೋದೆ. ಇದನ್ನು ಓದಿಯೂ ತವರಿಗೆ ಬರುವ ಮನಸ್ಸಾದರೆ ಒಂದು ಸಾಲು ಬರೆ, ಬಂಡಿ ಹೂಡಿಕೊಂಡು ಬರುತ್ತೇನೆ. ಆ ಮೂಲೆಯನ್ನು ಬಿತ್ತದೆ ಬಿಟ್ಟಿದ್ದೇನೆ ಅಕ್ಕ, ಅಷ್ಟೂ ನೆಲ ನಿನ್ನ ಕೂಸಿನದೆಂದು.