ಕೆಳಗಿನ ಎಲೆಗಳು

ಪ್ರೀತಿಯ ಅಕ್ಕಾ,

ಉಪ್ಪು ಮಣ್ಣಿಗೆಂದು ನಮ್ಮ ಸಂಶೋಧನಾ ಕೇಂದ್ರದಲ್ಲಿ ನಾವು ರೂಪಿಸುತ್ತಿದ್ದ ಗೋಧಿ ತಳಿ ಕೊನೆಗೂ ತೆನೆ ಬಿಟ್ಟಿದೆ. "ಹಸುಗೂಸುಗಳಿಗೆ ಉಪ್ಪುನೀರು ಹೊಯ್ತೀಯಲ್ಲೋ ರಾಕ್ಷಸ" ಎಂದು ನೀನು ಬೈಯುತ್ತಿದ್ದೆಯಲ್ಲ, ಅದೇ ಗೋಧಿ.

ಕೆಳಗಿನ ಎಲೆ ಒಣಗಿದ ಗಿಡಗಳನ್ನು ಇಷ್ಟು ವರ್ಷ ಕೈಲಾಗದವೆಂದು ಕಿತ್ತೆಸೆಯುತ್ತಿದ್ದೆವು. ಈ ಬಾರಿ ಒಂದು ಸಾಲನ್ನು ಹಾಗೇ ಬಿಟ್ಟು ನೋಡಿದೆ. ಹಳೆಯ ಎಲೆಗಳು ಬೇರಿನಿಂದ ಬಂದ ಉಪ್ಪನ್ನು ತಮ್ಮಲ್ಲೇ ತಡೆದಿಟ್ಟುಕೊಂಡು ಒಣಗುತ್ತವೆ. ಅದರಿಂದಲೇ ಮೇಲಿನ ಸುಳಿ ಹಸಿರಾಗಿ ಉಳಿಯುತ್ತದೆ. ತೆನೆ ಬಿಟ್ಟದ್ದು ಆ ಸಾಲೇ.

ಅಮ್ಮ ತೀರಿಕೊಂಡ ವರ್ಷ ನೀನು ಶಾಲೆ ಬಿಟ್ಟಾಗ, "ನಂಗೆ ಓದು ತಲೆಗೆ ಹತ್ತಲ್ಲ ಕಣೋ, ನೀನು ಹೋಗು" ಎಂದು ನಕ್ಕಿದ್ದೆ. ಹೋದ ವಾರವೂ ನೀನು ಹೇಳಿದ್ದು, "ಬರೀ ಕೆಮ್ಮು. ಪೈರು ಬಿಟ್ಟು ಬರಬೇಡ" ಎಂದು. ಇನ್ನು ಮಾಡುವುದೇನೂ ಉಳಿದಿಲ್ಲವೆಂದು ಡಾಕ್ಟರು ನಿನ್ನನ್ನು ಮನೆಗೆ ಕಳಿಸಿದ್ದನ್ನು ಭಾವ ನಿನ್ನೆ ಹೇಳಿದರು.

ಕೊಯ್ಲನ್ನು ಸಹೋದ್ಯೋಗಿಗೆ ಒಪ್ಪಿಸಿದ್ದೇನೆ. ಫೋನಿನಲ್ಲಾದರೆ ಬೇಡ ಎನ್ನುತ್ತೀಯ, ಅದಕ್ಕೇ ಬರೆದೆ. ಭಾನುವಾರ ಬರುತ್ತೇನೆ. ಬಾಗಿಲು ಭಾವ ತೆಗೆಯಲಿ, ನೀನು ಏಳಬೇಡ. ಊಟ ಆಯ್ತಾ ಎಂದು ಈ ಸಲ ನಾನು ಮೊದಲು ಕೇಳುತ್ತೇನೆ.

ನಿನ್ನ ಪುಟ್ಟ