ದನಿ ಎತ್ತದ ಖಳನಾಯಕ

ಮುಕ್ಕಾಂ ಜಕ್ಕಲಿ
ತಾ. ೧೩-೧೨-೧೯೫೫, ಮಂಗಳವಾರ

ಚಿ. ಸೌ. ದೇವವ್ವನಿಗೆ ನಿನ್ನ ಅಪ್ಪ ಮೈಲಾರಪ್ಪನ ತುಂಬು ಆಶೀರ್ವಾದಗಳು.

ಇಲ್ಲಿ ನಾವು ಕ್ಷೇಮ ಎಂದು ಬರೆಯಬೇಕು, ಕೈ ಏಳುತ್ತಿಲ್ಲ. ದೀಪಾವಳಿಯ ಮೇಲೆ ಕಾಗದ ಹಾಕದೆ ಇದ್ದದ್ದಕ್ಕೆ ಸಿಟ್ಟಾಗಬೇಡ. ಮೊದಲು ಹಾಕಿದ ಎರಡಕ್ಕೂ ಉತ್ತರ ಬಂದದ್ದು ನಿನ್ನ ಗಂಡ ಹೇಮಪ್ಪನ ಅಕ್ಷರದಲ್ಲಿ: ಮಾವನವರಿಗೆ ನಮಸ್ಕಾರ, ನಿಮ್ಮ ಮಗಳು ಸುಖವಾಗಿದ್ದಾಳೆ. ಎಂಥ ದುಂಡು ಅಕ್ಷರ ನೋಡ್ರಿ ಎಂದು ಅವನ್ನು ಕಟ್ಟೆಯ ಮೇಲೆ ನಾಲ್ಕು ಜನಕ್ಕೆ ತೋರಿಸಿ ಬಂದಿದ್ದೆ. ಈ ಕಾಗದ ಟಪಾಲಿನಲ್ಲಿ ಬರುವುದಿಲ್ಲ. ಬಳೆಗಾರ್ತಿ ಖಾತುನಬಿ ನರಗುಂದಕ್ಕೆ ಬಳೆ ಇಡಿಸಲು ಬರುತ್ತಾಳಲ್ಲ, ಆಕೆ ನಿನ್ನ ಕೈಯಲ್ಲೇ ಕೊಡುತ್ತಾಳೆ. ನೀನೊಬ್ಬಳೇ ಓದು, ಓದಿ ಒಲೆಗೆ ಹಾಕು.

ಮಗಳೇ, ನಾನು ದಂಗುಬಡಿದು ಕೂತಿದ್ದೇನೆ. ಶ್ರಾವಣದಲ್ಲಿ ನೀನು ಹೇಳದೆ ಕೇಳದೆ ಬಂದು, "ಹೊಡೀತಾರ, ಅಪ್ಪಾ" ಎಂದು ಒಂದೇ ಮಾತು ಹೇಳಿದೆ. ದನಿ ಎತ್ತಿ ಮಾತಾಡಲೂ ಬಾರದ ಹುಡುಗ, ಅವನು ಹೊಡೆಯುತ್ತಾನೆಯೇ ಎಂದು ನಾನು ನಕ್ಕುಬಿಟ್ಟೆ. ಬಯಲಾಟದಲ್ಲಿ ಇಪ್ಪತ್ತೆರಡು ವರ್ಷ ರಾಕ್ಷಸನ ಪಾತ್ರ ಮಾಡಿದ ನನಗೆ ದುಷ್ಟರ ಗುರುತು ಹತ್ತದೇ ಎಂದೆ. ಎಂಟನೆಯ ದಿನ ಅವನು ಕರೆಯಲು ಬಂದಾಗ ಕಳಿಸಿಕೊಟ್ಟೆ. ಈಗ ಒಂದು ಸಿನಿಮಾ ನನ್ನ ಕೆನ್ನೆಗೆ ಬಾರಿಸಿದೆ. ಕೇಳು, ಹೇಳುತ್ತೇನೆ.

ಶುಕ್ರವಾರ ನಾನು, ನಿನ್ನ ಅವ್ವ, ಖಾತುನಬಿಯ ಗಂಡ ಗೌಸುಸಾಬ ಮೂವರೂ ಗಜೇಂದ್ರಗಡದ ಡೇರೆಯಲ್ಲಿ ನೋಡಿದೆವು. ಹಿಂದಿ ಸಿನಿಮಾ, ಮಾತು ಮಾತಿಗೂ ಗೌಸುಸಾಬ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದ. ನಾಯಕನಿಗೆ ಕಣ್ಣಿಗೆ ಕರಿ ಪಟ್ಟಿ, ಬೆನ್ನಿಗೆ ಪಟಪಟ ಬಡಿಯುವ ಬಟ್ಟೆ. ನೆಲಕ್ಕೆ ಕಾಲು ಒದ್ದನೆಂದರೆ ಆಕಾಶದಲ್ಲಿ. ನಮ್ಮ ಆಟದಲ್ಲಿ ದೇವರನ್ನು ಹಾರಿಸಲು ಹಗ್ಗ ಜಗ್ಗುವ ನಾಲ್ಕು ಆಳು ಬೇಕು. ಅವರಲ್ಲೊಬ್ಬ ತಂಬಾಕು ತಿಕ್ಕಲು ಕೈ ಬಿಟ್ಟನೆಂದರೆ ದೇವರು ಹೋಗಿ ನಗಾರಿಯ ಮೇಲೆ. ಇವನಿಗೆ ಹಗ್ಗವಿಲ್ಲ, ಆಳಿಲ್ಲ. ಲಾರಿಯನ್ನು ಒಂದೇ ಕೈಯಲ್ಲಿ ಎತ್ತಿ ಬದಿಗಿಟ್ಟ. ಅಣೆಕಟ್ಟು ಬಿರಿದಾಗ ಗೋಡೆಗೆ ಬೆನ್ನು ಕೊಟ್ಟು ನಿಂತ. ನೀರು ಅವನ ಕಿವಿಯ ಮೇಲಿಂದ ಹಾಯುತ್ತಿತ್ತು. ಖರೇ ಹೇಳುತ್ತೇನೆ, ನನ್ನ ಮೈಯ ರೋಮವೆಲ್ಲ ಎದ್ದು ನಿಂತಿತು.

ಆದರೆ ಖಳನಾಯಕ. ಖಳನೆಂದರೆ ಹೇಗೆ ಬರಬೇಕು? ಕೆಂಪು ಕಣ್ಣು, ಕುಡುಗೋಲಿನಂಥ ಮೀಸೆ, ಪರದೆಯ ಹಿಂದಿನಿಂದಲೇ ಗರ್ಜನೆ. ನಾನು ರಂಗದ ಮೇಲೆ ಕಾಲಿಟ್ಟರೆ ಮುಂದೆ ಕೂತ ಹೆಂಗಸರು ಕೂಸಿನ ಕಣ್ಣು ಮುಚ್ಚುತ್ತಿದ್ದರು. ಇವನೋ ಬಿಳಿ ಧೋತರ, ಇಸ್ತ್ರಿಯ ಕೋಟು, ಬಡವರ ಮದುವೆ ಮಾಡಿಸುವ ಊರ ಹಿರಿಯ. ಮಾತು ಎಷ್ಟು ಮೆತ್ತಗೆಂದರೆ ಡೇರೆಯ ಜನ ಕಿವಿ ಮುಂದೆ ಚಾಚಬೇಕು. ಅವನು ನಾಯಕಿಯ ತಂದೆ ಇರಬೇಕೆಂದುಕೊಂಡು, ಇಂಥ ಹಿರಿಯ ಊರಿಗೊಬ್ಬ ಇರಬೇಕು ನೋಡ್ರಿ ಎಂದು ಎದ್ದು ನಿಂತು ಸಾರಿದೆ. ಹಿಂದಿನಿಂದ ಯಾರೋ, "ರಾಕ್ಷಸರ, ಕೆಳಗ ಕುಂದರ್ರಿ, ಮುಂದ ಏನೂ ಕಾಣವಲ್ದು" ಅಂದರು. ಡೇರೆಯೆಲ್ಲ ನಕ್ಕಿತು. ಕೂತೆ. ಅರ್ಧ ಸಿನಿಮಾದ ಮೇಲೆ ಆ ಹಿರಿಯನೇ ತನ್ನ ಆಳಿಗೆ, ಹೂವು ತಾ ಎಂದಷ್ಟೇ ಮೆತ್ತಗೆ, ಅಣೆಕಟ್ಟು ಒಡೆ ಎಂದ. ಕೆಳಗಿನ ಹನ್ನೆರಡು ಹಳ್ಳಿ ಮುಳುಗಿದರೆ ಆ ಹೊಲವೆಲ್ಲ ತನ್ನದು. ನಾನು ಗೌಸುಸಾಬನ ತೋಳು ಹಿಡಿದು ನೀನು ತಪ್ಪು ಅರ್ಥ ಹೇಳುತ್ತಿದ್ದೀ ಎಂದು ಜಗಳಕ್ಕೇ ನಿಂತೆ.

ಅದಾದ ಮೇಲೆ ಒಂದು ಸಣ್ಣ ಪ್ರವೇಶ ಬಂತು. ಖಳ ಮನೆಗೆ ಬಂದು ಕೋಟು ಕಳಚಿ, ಮಡಚಿ, ಹೆಂಡತಿಗೆ ನೀರು ಕೇಳುತ್ತಾನೆ. ಆಕೆ ತಂದ ಲೋಟ ನಡುಗಿ ಎರಡು ಹನಿ ಅವನ ಧೋತರದ ಮೇಲೆ ಬೀಳುತ್ತದೆ. ಅವನು ಬಯ್ಯಲಿಲ್ಲ. ನಕ್ಕ. ಮೆಲ್ಲಗೆ ಬಾಗಿಲು ಮುಂದೆ ಮಾಡಿದ. ಪರದೆಯ ತುಂಬ ಬರೀ ಮುಚ್ಚಿದ ಬಾಗಿಲು. ಒಳಗಿನಿಂದ ಒಂದು ಕೂಗಿಲ್ಲ. ಆಮೇಲೆ ಹೊರಗೆ ಬಂದು, ತಲೆ ಬಾಚಿಕೊಂಡು ಸಭೆಗೆ ಹೋದ.

ನಿನ್ನ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಏನಾತು ಎಂದೆ.

"ಹೇಮಪ್ಪ ನೀರ ಬೇಡಿದಾಗ ನಮ್ಮ ದೇವವ್ವನ ಕೈ ಹಿಂಗ ನಡಗ್ತಿತ್ರಿ."

"ನೀ ಯಾವಾಗ ನೋಡಿದಿ?"

"ಶ್ರಾವಣದಾಗ. ನೀವೂ ಅಲ್ಲೇ ಇದ್ರಿ. ಅವನ ಮುಂದ ನಿಮ್ಮ ಆಟದ ಮಾತು ಹೇಳಕೋತ ಕುಂತಿದ್ರಿ."

ಮುಂದಿನ ಸಿನಿಮಾ ನನ್ನ ಕಣ್ಣೊಳಗೆ ಹೋಗಲಿಲ್ಲ. ಖಳ ಅಣೆಕಟ್ಟಿನ ಮೇಲಿಂದ ಬಿದ್ದು ಸತ್ತ, ಜನ ಸಿಳ್ಳೆ ಹೊಡೆದು ಎದ್ದರು. ಅವನ ಹೆಂಡತಿ ಏನಾದಳು ಎಂದು ಗೌಸುಸಾಬನನ್ನು ಕೇಳಿದೆ. "ಆಕಿ ಕಥಿ ಯಾರಿಗ್ ಬೇಕಾಗೇತ್ರಿ, ಮೈಲಾರಪ್ಪಣ್ಣ" ಎಂದ. ಆ ನಾಯಕನ ದೊಡ್ಡ ಕೊರತೆ ನನಗೆ ಆಗ ಹೊಳೆಯಿತು, ಮಗಳೇ. ನಾಯಕಿ ಚೀರಿದಾಗೆಲ್ಲ ಅವನು ಏಳು ಗುಡ್ಡ ದಾಟಿ ಹಾರಿ ಬಂದ. ಖಳನ ಹೆಂಡತಿ ಚೀರಲಿಲ್ಲ, ಅವನು ಬರಲಿಲ್ಲ. ಅವನನ್ನು ಯಾವ ಬಾಯಿಂದ ಬಯ್ಯಲಿ? ನೀನು ನನ್ನೆದುರು ಕೂತು ಬಾಯಿಬಿಟ್ಟು ಹೇಳಿದ್ದೆ.

ಮರುದಿನ ಖಾತುನಬಿಯ ಮನೆಗೆ ಹೋದೆ. ಮಗಳ ಕೈಯನ್ನು ತಂದೆಗಿಂತ ಚೆನ್ನಾಗಿ ಬಲ್ಲವಳು ಬಳೆಗಾರ್ತಿ. ಕೇಳಿದ್ದಕ್ಕೆ ಅವಳು ಹೇಳಿದಳು: "ವರ್ಷ ಆತ್ರಿ, ಬಲಗೈ ಅಷ್ಟ ಮುಂದ ಮಾಡ್ತಾಳ. ಎಡಗೈ ಮುಟ್ಟಾಕ ಕೊಡೂದಿಲ್ಲ." ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದೆ. ನೀವು ಯಾರಿಗೆ ಮಾತಾಡಾಕ ಬಿಡ್ತೀರಿ ಎಂದಳು. ತಲೆ ತಗ್ಗಿಸಿ ಎದ್ದು ಬಂದೆ.

ನಾಡಿದ್ದು ಗುರುವಾರ ನಾನೂ ನಿನ್ನ ಅವ್ವನೂ ರೋಣದ ಮೇಲೆ ಹಾಯ್ದು ನರಗುಂದಕ್ಕೆ ಬರುತ್ತೇವೆ. ಹೇಮಪ್ಪ ಅಡತಿ ಅಂಗಡಿಗೆ ಹೋದ ಮೇಲೆ ಬರುವುದಿಲ್ಲ, ಇದ್ದಾಗಲೇ ಬರುತ್ತೇವೆ. ಅವನು ಚಾಪೆ ಹಾಸಿ, ಮಾವನವರೇ ಎಂದು ಮೆತ್ತಗೆ ಮಾತಾಡಿಸುತ್ತಾನೆ. ಕೂಡ್ರುವುದಿಲ್ಲ, ಅವನ ಮನೆಯ ನೀರು ಮುಟ್ಟುವುದಿಲ್ಲ. ಮಗಳನ್ನು ಕರೆದೊಯ್ಯಲು ಬಂದಿದ್ದೇವೆ ಎಂಬುದಷ್ಟೇ ನನ್ನ ಮಾತು. ಊರ ಮಂದಿ ಏನಾದರೂ ಅನ್ನಲಿ. ಅಪ್ಪನ ಮೇಲೆ ನಿನಗೆ ನಂಬಿಕೆ ಉಳಿದಿರಲಿಕ್ಕಿಲ್ಲ. ಅವ್ವನ ಮುಖ ನೋಡಿಯಾದರೂ ಹೊಸ್ತಿಲು ದಾಟು. ಇನ್ನೊಮ್ಮೆ ಕಳಿಸು ಎಂದು ಯಾರು ಬಂದರೂ ನಾನು ಕಳಿಸುವುದಿಲ್ಲ.

ದೇವರು ನಿನ್ನನ್ನು ಗುರುವಾರದವರೆಗೆ ಕಾಯಲಿ. ಆಮೇಲಿನದು ನಮ್ಮ ಕೆಲಸ.

ನಿನ್ನ ಅಪ್ಪ,
ಮೈಲಾರಪ್ಪ

ತಾ.ಕ.: ಒಂದು ಮಾತು ಮೇಲೆ ಬರೆಯಲಾಗಲಿಲ್ಲ. ಶ್ರಾವಣದಲ್ಲಿ ಬಂಡಿ ಹತ್ತುವ ಮೊದಲು ನೀನು ನನ್ನ ಕಾಲು ಹಿಡಿದು, ದಸರಾ ತನಕ ಇರುತ್ತೇನೆ ಅಂದೆ. ಓಣಿಯ ಮಂದಿಯೆಲ್ಲ ನೆರೆದಿತ್ತು. ಜನ ಕಂಡರೆ ನನಗೆ ಮೈಮೇಲೆ ಬಂದಂತಾಗುತ್ತದೆ. ನಿನ್ನನ್ನು ಎಬ್ಬಿಸಿ ಬಂಡಿಯಲ್ಲಿ ಕೂಡ್ರಿಸಿ, ಗಂಡನೇ ದೈವ ಎಂಬ ನಮ್ಮ ಆಟದ ಮಾತನ್ನು ಏರುದನಿಯಲ್ಲಿ ಶುರು ಮಾಡಿದೆ. ನಡುವೆ ಒಂದು ಸಾಲು ಮರೆತು ತಡವರಿಸಿದೆ. ಏಳು ವರ್ಷದವಳಿದ್ದಾಗಿನಿಂದ ಪರದೆಯ ಹಿಂದೆ ನಿಂತು ನನಗೆ ಮರೆತ ಮಾತು ಎತ್ತಿಕೊಟ್ಟವಳು ನೀನು. ಅಂದೂ ಅಳುತ್ತಲೇ, ಬಂಡಿಯಿಂದ ಬಾಗಿ, ಆ ಸಾಲು ಎತ್ತಿಕೊಟ್ಟೆ. ನಾನು ಪೂರ್ತಿ ಮಾಡಿದೆ. ಮಂದಿ ಚಪ್ಪಾಳೆ ತಟ್ಟಿದರು. ನಾನು ಅವರ ಕಡೆ ತಿರುಗಿ ಕೈ ಮುಗಿದೆ. ಮುಗಿದ ಕೈ ಇಳಿಸುವುದರೊಳಗೆ ಬಂಡಿ ಹೋಗಿಬಿಟ್ಟಿತ್ತು.